ಸುರಂಗದ ಬಾಯಲ್ಲಿ ಪುಳಿಯೋಗರೆ

ನವೆಂಬರ್‌ನ ಒಂದು ಭಾನುವಾರ ಬೆಳಿಗ್ಗೆ ನಾನೂ ಹನ್ನೊಂದು ವರ್ಷದ ಮಗಳು ಅದಿತಿಯೂ ಜಪಾನಿನ ಓಜಿಮಾದ ನಮ್ಮ ಮನೆಯಿಂದ ಹೊರಟೆವು. ಶಿನಾಗಾವಾದಲ್ಲಿ ರೈಲು ಹತ್ತಿ ಸುಮಾರು ಒಂದೂವರೆ ಗಂಟೆ ಕೂತರೆ ಅತಾಮಿ. ನನ್ನ ಟಿಕೆಟ್ ಎರಡು ಸಾವಿರ ಯೆನ್ನಿನೊಳಗೆ, ಮಗಳದು ಅದರರ್ಧ. ಜನ ಅಲ್ಲಿಗೆ ಬಿಸಿನೀರಿನ ಸ್ನಾನಕ್ಕೆ ಹೋಗುತ್ತಾರೆ. ನಾನು ಹೋದದ್ದು ಹೊಟ್ಟೆಕಿಚ್ಚಿಗೆ. ಅಮೆರಿಕದಲ್ಲಿರುವ ಗೆಳೆಯನೊಬ್ಬ, ಆ ಖಂಡದ ಎರಡು ಕಡೆಯಿಂದ ಹಾಕುತ್ತ ಬಂದ ಹಳಿಗಳು ಕೂಡಿದ ಜಾಗದ ಸ್ಮಾರಕದ ಮುಂದೆ ಎದೆಯುಬ್ಬಿಸಿ ನಿಂತ ಫೋಟೋ ಕಳಿಸಿದ್ದ. ಜಪಾನಿನಲ್ಲೇನು ರೈಲಿನ ಸ್ಮಾರಕಕ್ಕೆ ಬರವೇ? ಅತಾಮಿಯ ಹಳೆಯ ಸುರಂಗದ ಬಳಿ ಒಂದಿದೆ ಎಂದು ಆಫೀಸಿನಲ್ಲಿ ಕೇಳಿದ್ದೆ.

ಸ್ಟೇಷನ್ನಿನಿಂದ ಏರುದಾರಿ. ಬಿಸಿಲು ಹಿತವಾಗಿತ್ತು, ಆದರೆ ಹೊಸ ಶೂ ಹಿಮ್ಮಡಿ ಕಚ್ಚಿ ನನ್ನನ್ನು ಕುಂಟಿಸಿತು. ಸ್ಮಾರಕ ಸಿಕ್ಕಿದ ಕೂಡಲೇ ಶೂ, ಸಾಕ್ಸ್ ಎರಡನ್ನೂ ಬಿಚ್ಚಿ ಎಸೆದೆ. ಇದರಲ್ಲಿ ಬರೀ ಹೆಸರುಗಳಿವೆ ಎಂದಳು ಅದಿತಿ. ಇಂಜಿನಿಯರುಗಳದ್ದಿರಬೇಕು ಎಂದೆ. ಹೆಂಡತಿ ಕಟ್ಟಿಕೊಟ್ಟ ಪುಳಿಯೋಗರೆ ಡಬ್ಬಿಯನ್ನು ತೆರೆದು ಕಲ್ಲಿನ ಮೆಟ್ಟಿಲ ಮೇಲೆ, ಹೆಸರುಗಳ ಕೆಳಗೇ ಇಟ್ಟೆ. ಗೆಳೆಯನ ಸ್ಮಾರಕಕ್ಕೆ ಈ ಭಾಗ್ಯವೆಲ್ಲಿ? ಇಲ್ಲಿ ಬೇಡ ಎಂದು ಮಗಳು ಗೊಣಗಿದಳು. ನಾನು ಫೋಟೋ ತೆಗೆಯಲು ಬಗ್ಗಿದೆ.

ತಲೆಯೆತ್ತಿದಾಗ ಹಿಂದೆ ಹಿರಿಯರೊಬ್ಬರು ನಿಂತಿದ್ದರು. ಕೈಯಲ್ಲಿ ಸೇವಂತಿಗೆ, ನೀರಿನ ಬಾಟಲಿ. ನನ್ನ ಬರಿಗಾಲು ನೋಡಿದರು, ಡಬ್ಬಿ ನೋಡಿದರು, ಆಮೇಲೆ ಸೊಂಟದವರೆಗೆ ಬಾಗಿ ಮೆಲ್ಲಗೆ ಏನೋ ಹೇಳತೊಡಗಿದರು. ನನ್ನ ಜಪಾನೀಸ್ ಮೂಲೆಯ ಕೊಂಬಿನಿ ಅಂಗಡಿಯಲ್ಲಿ ಹಾಲು ಕೊಳ್ಳುವಷ್ಟರದು. ಇಲ್ಲಿನ ಶಾಲೆಯಲ್ಲೇ ಓದುವ ಅದಿತಿ ಕೇಳುತ್ತ ಕೇಳುತ್ತ ಕೆಂಪಾದಳು.

"ಅಪ್ಪ, ಈ ನೇಮ್‌ಗಳೆಲ್ಲ ಟನಲ್ ಮಾಡೋವಾಗ ಸತ್ತೋದವ್ರದು. ಈ ಅಜ್ಜನ ತಾತನ ನೇಮೂ ಇದ್ರಲ್ಲಿದೆ. ಫಾರಿನ್‌ನಿಂದ ಬಂದು ಶೂ ಬಿಚ್ಚಿ ಸತ್ತೋದವ್ರಿಗೆ ಊಟ ಇಟ್ಟಿದ್ದೀರ ಅಂತ ಥ್ಯಾಂಕ್ಸ್ ಹೇಳ್ತಿದ್ದಾರೆ. ಏನ್ ಹೇಳ್ಲಿ?"

ನಿಜ ಹೇಳು ಎನ್ನಲು ಬಾಯಿ ಬರಲಿಲ್ಲ. "ಹೌದು ಅನ್ನು," ಎಂದೆ.

ಅವಳು ನನ್ನನ್ನೇ ನೋಡಿದಳು. ಆಮೇಲೆ ನೆಲ ನೋಡುತ್ತ, ಜಪಾನೀಸಿನಲ್ಲಿ ಹೌದು ಎನ್ನುವ "ಹಾಯ್" ಎಂದಳು.

ಅವರು ಹೂವಿಟ್ಟು ಕೈಮುಗಿದರು. ನಾನೂ ಮುಗಿದೆ, ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಇಟ್ಟ ಊಟವನ್ನು ಇಲ್ಲೇ ಬಿಟ್ಟರೆ ಕಾಗೆ ಕೆದಕುತ್ತದೆ, ಎತ್ತಿಕೊಂಡು ತಿನ್ನಬೇಕು, ಇಲ್ಲಿನ ಪದ್ಧತಿ ಹಾಗೆ ಎಂದು ಅವರು ಮಗಳ ಮೂಲಕ ತಿಳಿಸಿದರು. ನಮ್ಮ ಪ್ರಸಾದದಂತೆಯೇ. ಮೂವರೂ ದಾರಿಯ ಅಂಚಿಗೆ ಬಂದು ತಿಂದೆವು. ಮುಚ್ಚಳದಲ್ಲಿ ಹಾಕಿಕೊಟ್ಟದ್ದನ್ನು ಅವರು ಒಂದಗುಳೂ ಬಿಡದೆ, ಖಾರಕ್ಕೆ ಕಣ್ಣೊರೆಸಿಕೊಂಡು ಮುಗಿಸಿದರು. ಉಳಿದದ್ದನ್ನು ನಾನೂ ಅದಿತಿಯೂ ಮುಗಿಸಿದೆವು. ಹೊರಡುವಾಗ ಆ ಹಿರಿಯರು ಅದಿತಿಯ ಕೈಗೆ ಎರಡು ಕಿತ್ತಳೆ ಕೊಟ್ಟು ಮತ್ತೆ ಬಾಗಿದರು.

ರೈಲಿನಲ್ಲಿ ಫೋಟೋ ಅಳಿಸಿದೆ. ಅಳಿಸಿದ್ದನ್ನು ಮಗಳಿಗೆ ತೋರಿಸಿದೆ ಕೂಡ. ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಕಿತ್ತಳೆ ಸುಲಿಯಲೂ ಇಲ್ಲ.

ಓಜಿಮಾ ತಲುಪಿದಾಗ ದೀಪ ಹೊತ್ತಿತ್ತು. ಹೆಂಡತಿ ಚೀಲದಿಂದ ಡಬ್ಬಿ ತೆಗೆದು ನೋಡಿ ಹಿಗ್ಗಿದಳು. "ಪೂರ್ತಿ ಖಾಲಿ! ಕಿತ್ತಳೆ ಬೇರೆ. ಯಾರಿಗೆ ಕೊಟ್ರಿ ಅದಿತಿ, ಪುಳಿಯೋಗರೆ?"

ಅದಿತಿ ಕಿತ್ತಳೆಗಳನ್ನು ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿದಳು.

"ಅಪ್ಪ, ಏನ್ ಹೇಳ್ಲಿ?"