ಕುಲಾವಿಯ ಮಡಿಕೆ

ಹೆಂಡತಿ ತೀರಿಕೊಂಡ ಮೇಲೆ ಅವಳ ಬೀರುವನ್ನು ನಾನು ತೆರೆದಿರಲಿಲ್ಲ. ಕೊನೆಗೆ ತೆರೆದದ್ದು ಒಂದು ಕುಲಾವಿಗಾಗಿ. ಅದು ಅವಳ ಅಜ್ಜಿಯ ಕಾಲದ್ದು. ಆ ಮನೆಯ ಮಕ್ಕಳೆಲ್ಲ ನಾಮಕರಣದ ದಿನ ಅದನ್ನು ತೊಟ್ಟವರೇ. ಕೆಂಪು ರೇಷ್ಮೆ, ಒಳಗೆ ಬಿಳಿ ಹತ್ತಿ ಬಟ್ಟೆ, ಅಂಚಿಗೆ ಜರಿ, ಹಣೆಯ ಬಳಿ ಗಾಜಿನ ಮಣಿ. ಹಿಂದೆ ಕುತ್ತಿಗೆ ಮುಚ್ಚುವ ಇಳಿಬಟ್ಟೆಗೆ ಸಣ್ಣ ಬೆಳ್ಳಿ ಗೆಜ್ಜೆ. ಹೆಂಡತಿ ಆ ಇಳಿಬಟ್ಟೆಯನ್ನು ಒಳಕ್ಕೆ ಮಡಿಸಿ ಬಿಸ್ಕತ್ತಿನ ಡಬ್ಬಿಯಲ್ಲಿ ಇಡುತ್ತಿದ್ದಳು. ವರ್ಷಕ್ಕೊಮ್ಮೆ ಗಾಳಿಗಿಟ್ಟು, ಅದೇ ಗೆರೆಯ ಮೇಲೆ ಬೆರಳಾಡಿಸಿ ಮತ್ತೆ ಮಡಿಸುವಳು.

ಬನಶಂಕರಿಯಿಂದ ನಾದಿನಿ ಬಂದಿದ್ದಳು, ಮೊಮ್ಮಗಳ ನಾಮಕರಣಕ್ಕೆ ಅದನ್ನು ಕೇಳಲು.

"ಶಾಂಪೂ ನೀರಲ್ಲಿ ಅದ್ದಿ ತೆಗೆದ್ರಾಯ್ತು ಭಾವ. ಗೆಜ್ಜೆಗೆ ಹುಣಸೆಹಣ್ಣು ಹಾಕಿ ಉಜ್ತೀನಿ. ಅಕ್ಕ ಇದ್ದಿದ್ರೆ ಇಷ್ಟೊತ್ತಿಗೆ ಒಣಗಿಸಿರೋಳು."

"ಅವಳಿದ್ದಿದ್ರೆ ನಿನ್ ಕೈಗೆ ಕೊಡ್ತಾನೇ ಇರ್ಲಿಲ್ಲ."

ಇಬ್ಬರೂ ನಕ್ಕೆವು. ಆದರೂ ನನಗೆ ಧೈರ್ಯ ಬರಲಿಲ್ಲ. ಮ್ಯೂಸಿಯಂ ಒಂದರಲ್ಲಿ ಹಳೆಯ ಬಟ್ಟೆಗಳನ್ನು ನೋಡಿಕೊಳ್ಳುತ್ತಿದ್ದ ಮಹಿಳೆಯೊಬ್ಬರು ಪುಟ್ಟೇನಹಳ್ಳಿಯಲ್ಲಿದ್ದಾರೆ. ಇಬ್ಬರೂ ಡಬ್ಬಿ ಹಿಡಿದು ಅಲ್ಲಿಗೆ ಹೋದೆವು. ನಾದಿನಿ ತನ್ನ ಶಾಂಪೂ, ಹುಣಸೆಹಣ್ಣಿನ ಉಪಾಯ ಹೇಳಿದಳು.

ಅವರು ಕುಲಾವಿಯ ಕಾಣದ ಮೂಲೆಯೊಂದಕ್ಕೆ ಒದ್ದೆ ಹತ್ತಿಯನ್ನು ಮೆಲ್ಲಗೆ ಒತ್ತಿದರು. ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿತು.

"ನೀರು ಸೋಕಿದ್ರೆ ಕೆಂಪು ಒಳಗಿನ ಬಟ್ಟೆಗೂ ಇಳಿಯತ್ತೆ. ಗೆಜ್ಜೆ ಉಜ್ಜಿದ್ರೆ ಹುಳಿ ರೇಷ್ಮೆ ತಿನ್ನತ್ತೆ. ಗೆಜ್ಜೆ ಕಪ್ಪಗೇ ಇರ್ಲಿ ಮೇಡಂ. ಮೇಲಿನ ಧೂಳು ಮಾತ್ರ ಮೆತ್ತನೆ ಬ್ರಷ್‌ನಲ್ಲಿ ತೆಗೀಬಹುದು."

"ಮಗೂಗೆ ಒಂದೈದು ನಿಮಿಷ ಹಾಕಿದ್ರೆ?"

"ಅದು ಮಣಿ ಕಿತ್ತು ಬಾಯಿಗಿಟ್ಕೊಂಡ್ರೆ ಅಳೋರು ನೀವು. ಪಕ್ಕದಲ್ಲಿಟ್ಟು ಫೋಟೋ ತೆಗೀರಿ."

ನಾದಿನಿಯ ಮುಖ ಸಪ್ಪಗಾಯಿತು. ಅಷ್ಟರಲ್ಲಿ ಅವರು ನನ್ನತ್ತ ತಿರುಗಿದರು.

"ಸಾರ್, ಈ ಮಡಿಕೆ ಬಿಚ್ಚಬೇಕು. ಇಲ್ಲೇ ಜರಿ ತುಂಡಾಗ್ತಿದೆ."

ಅದನ್ನು ನಾನು ಯೋಚಿಸಿರಲಿಲ್ಲ. ಹೆಂಡತಿಯ ಸೀರೆಗಳನ್ನು ಬೇರೆಯವರು ಬೀರುವಿನಿಂದ ತೆಗೆದು ಹಂಚಿದಾಗ, ಕನ್ನಡಕವನ್ನು ಯಾರಿಗೋ ಕೊಟ್ಟಾಗ ಸುಮ್ಮನಿದ್ದೆ. ಈ ಮಡಿಕೆ ಮಾತ್ರ ಅವಳ ಕೈ ಮಾಡಿಟ್ಟ ಹಾಗೆಯೇ ಉಳಿದಿತ್ತು.

"ಇನ್ನೊಂದಿನ ಬರ್ಲಾ?" ಎಂದೆ.

"ಬನ್ನಿ. ಆದ್ರೆ ಹೀಗೇ ಇಟ್ರೆ ಜರಿ ಅಷ್ಟಷ್ಟೇ ಮುರೀತಾ ಹೋಗತ್ತೆ."

ನಾದಿನಿ ಕುಲಾವಿಯನ್ನು ನನ್ನ ಮುಂದಕ್ಕೆ ಸರಿಸಿ, "ನೀವೇ ಬಿಚ್ಚಿ ಭಾವ," ಎಂದಳು.

ಅವರು ತೋರಿಸಿದಂತೆ ಬೆರಳನ್ನು ಅಡಿಗೆ ತೂರಿಸಿ, ಎಳೆಯದೆ, ಮೆಲ್ಲಗೆ ಮೇಲೆತ್ತಿದೆ. ಮಡಿಕೆ ಬಿಚ್ಚಿಕೊಂಡಿತು. ಒಳಗೆ ಒಗೆದ ಹಳೆಯ ಪಂಚೆಯ ತುಂಡುಗಳನ್ನು ಸಡಿಲವಾಗಿ ತುಂಬಿದೆವು. ಕುಲಾವಿ ತಲೆಯ ಆಕಾರಕ್ಕೆ ಬಂತು. ಹಿಂಭಾಗದಲ್ಲಿ ಮಾತ್ರ ಅಡ್ಡಕ್ಕೆ ಒಂದು ಗೆರೆ ಎದ್ದು ಕಾಣುತ್ತಿತ್ತು.

"ಅದು ಪೂರ್ತಿ ಹೋಗಲ್ಲ ಸಾರ್. ಹೋಗಿಸ್ಬೇಕು ಅಂತ ಇಸ್ತ್ರಿ ಮಾತ್ರ ಮಾಡ್ಬೇಡಿ."

"ಇಲ್ಲ, ಮಾಡಲ್ಲ," ಎಂದೆ.