ಕಣ್ಣು ಮುಚ್ಚಿದ್ದಕ್ಕೆ ಬಿಪಿ ಮಷೀನ್ ಬಂತು

“ಸಿಸ್ಟರ್, ಲಗೂನ ಬರ್ರಿ! ಈಕಿಗೆ ಚಕ್ಕರ ಬಂದೈತಿ ನೋಡ್ರಿ!”

ಪಕ್ಕದ ಹಾಸಿಗೆಯ ಅಜ್ಜಿಯ ಕೂಗಿಗೆ ಇಡೀ ವಾರ್ಡೇ ನನ್ನತ್ತ ತಿರುಗಿತು. ನನಗೆ ತಲೆಸುತ್ತು ಏನೂ ಬಂದಿರಲಿಲ್ಲ. ತಿಕೋಟಾದಲ್ಲಿ ಬಸ್ಸಿನಿಂದ ಇಳಿಯುವಾಗ ಬಿದ್ದು ಕಾಲು ಮುರಿದುಕೊಂಡು, ವಿಜಯಪುರದ ಆಸ್ಪತ್ರೆ ಸೇರಿದ್ದೆ. ಆಪರೇಷನ್ ಆದಮೇಲೆ ಅಂದು ಮೊದಲ ಸಲ ವಾಕರ್ ಹಿಡಿದು ನಿಲ್ಲಬೇಕಿತ್ತು. ಕಾಲು ಮಾತ್ರ ಒಲ್ಲೆ ಅನ್ನುತ್ತಿತ್ತು. ನಾವು ಕ್ರೈಸ್ತರು, ಇಂಥ ಹೊತ್ತಿನಲ್ಲಿ ಕಣ್ಣು ಮುಚ್ಚಿ, ತಲೆ ಬಾಗಿಸಿ ಪ್ರಾರ್ಥಿಸುವುದು ನನಗೆ ಚಿಕ್ಕಂದಿನ ರೂಢಿ. “ಯೇಸಪ್ಪಾ, ಬಲ ಕೊಡು” ಎಂದು ಹಾಸಿಗೆಯ ಅಂಚಿನಲ್ಲಿ ಕೂತು ಮನಸ್ಸಿನಲ್ಲೇ ಬೇಡುತ್ತಿದ್ದೆ, ಅಷ್ಟೆ.

ನರ್ಸ್ ಬಿಪಿ ಮಷೀನ್ ಹಿಡಿದು ಓಡಿಬಂದರು. ಅಷ್ಟರಲ್ಲಿ, ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಹೊನವಾಡದ ಆ ಅಜ್ಜಿ ಎಡಗೈಯಿಂದ ನನ್ನ ರಟ್ಟೆಯನ್ನು ಗಟ್ಟಿಯಾಗಿ ಹಿಡಿದಾಗಿತ್ತು.

“ಪ್ರಾರ್ಥನಾ ಮಾಡಾಕತ್ತಿದ್ನಿ ಬೇ ಆಯಿ!” ಎಂದೆ.

ಅಜ್ಜಿಗೆ ನಾಚಿಕೆಯೇನೂ ಆಗಲಿಲ್ಲ. “ಹಂಗಾದ್ರ ಮತ್ತ ಕಣ್ಣ ಮುಚ್ಚವಾ. ನೀ ಬೇಡ್ಕೋ, ನಾ ಹಿಡ್ಕೋತೇನಿ. ಹಂಗ ನನ್ನ ಕೈ ಸಲುವಾಗೀನೂ ಒಂದ ಮಾತ ಹೇಳಿಬಿಡು!”

ನನಗೆ ನಗು ತಡೆಯಲಾಗಲಿಲ್ಲ; ನಗುತ್ತಲೇ ಅಜ್ಜಿಯ ಆಸರೆಯಲ್ಲಿ ವಾಕರ್ ಮೇಲೆ ಭಾರ ಹಾಕಿದ್ದೆ. “ಅಕ್ಕಾ, ನೀವು ಎದ್ದು ನಿಂತೀರಿ ನೋಡ್ರಿ” ಎಂದು ನರ್ಸ್ ಹೇಳಿದಾಗಲೇ ನಾನು ನಿಂತಿರುವುದು ನನಗೆ ಗೊತ್ತಾದದ್ದು.

ಈಗ ಕೋಲೂ ಇಲ್ಲದೆ ನಡೆಯುತ್ತೇನೆ. ಆದರೆ ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ, ನನ್ನ ಕಾಲಿಗಿಂತ ಮೊದಲು ನೆನಪಾಗುವುದು ಹೊನವಾಡದ ಅಜ್ಜಿಯ ಆ ಕೈ.