ನಾನು ಏಳುವ ಮೊದಲೇ ಹಿಡಿದಿಟ್ಟ ಜಾಗ

ಆ ಹೆಂಗಸಿನ ಸೀರೆ ಹಸಿರಾಗಿತ್ತು ಎಂದು ಡೈರಿಯಲ್ಲಿ ಬರೆದಿದ್ದೇನೆ. ಈಗ ಅದರ ಮೇಲೆ ನಂಬಿಕೆಯಿಲ್ಲ. ಅದು ಡೊಂಬಿವಲಿಯಲ್ಲಿ ನನ್ನ ಮೊದಲ ವಾರವೋ ಎರಡನೆಯದೋ, ಅದೂ ಖಚಿತವಿಲ್ಲ. ಅವಳ ಕೈ ನನ್ನ ಭುಜದ ಮೇಲೆ ಬಿದ್ದದ್ದು ಮಾತ್ರ ನಿಜ.

ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಕೂತಿದ್ದೆ. "ಕುಠೆ ಉತರಣಾರ?" ಎಂದಳು. ಎಲ್ಲಿ ಇಳಿಯುತ್ತೀ ಎಂದರ್ಥ. ಉಡುಪಿಯ ಬಸ್ಸಿನಲ್ಲಿ ಯಾರಾದರೂ ಹಾಗೆ ಕೇಳಿದರೆ ಮಾತು ಯಾರ ಮಗಳು, ಯಾವ ಮನೆ ಎಂಬಲ್ಲಿಗೆ ಹೋಗಿ ಮುಟ್ಟುತ್ತದೆ. ನಾನೂ ಮುರುಕು ಹಿಂದಿಯಲ್ಲಿ ಠಾಣೆ, ಕಾಲೇಜು, ಬಿ.ಎಸ್ಸಿ., ಮಾವನ ಮನೆ ಎಂದೆಲ್ಲ ಹೇಳತೊಡಗಿದೆ. ಠಾಣೆಯ ಮುಂದಿನದನ್ನು ಅವಳು ಕೇಳಿಸಿಕೊಳ್ಳಲೇ ಇಲ್ಲ. ನನ್ನ ಭುಜದ ಮೇಲೆ ಕೈಯಿಟ್ಟು ಹಿಂದೆ ನಿಂತವಳಿಗೆ, "ಹೀ ಜಾಗಾ ಮಾಝೀ" ಎಂದಳು. ಈ ಜಾಗ ನನ್ನದು. ನಾನಿನ್ನೂ ಅದರಲ್ಲಿ ಕೂತಿದ್ದೆ.

ಮಾವನ ಮಗಳು ಶ್ರೇಯಾ ಇಲ್ಲೇ ಹುಟ್ಟಿದವಳು. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸುತ್ತಾಳೆ. ಸಂಜೆ ಇದನ್ನು ಹೇಳಿದಾಗ ಬಿದ್ದುಬಿದ್ದು ನಕ್ಕಳು. "ಅಕ್ಕಾ, ವೋ ಸೀಟ್ ಬುಕ್ ಕರ್ ರಹೀ ಥೀ. ತೂ ಉಸ್ಕೋ ಬಯೋಡೇಟಾ ದೇ ರಹೀ ಥೀ?" ಅವಳು ಸೀಟು ಹಿಡಿಯುತ್ತಿದ್ದರೆ ನೀನು ಬಯೋಡೇಟಾ ಕೊಡುತ್ತಿದ್ದೆಯಾ ಎಂದು. ಕೂತವರು ಏಳುವ ಮೊದಲೇ ಹೀಗೆ ಕೇಳಿ ಜಾಗ ಹಿಡಿದಿಡುವುದು ಇಲ್ಲಿನ ಪದ್ಧತಿ. ಕ್ರಮೇಣ ನಾನೂ ಕಲಿತೆ. ನಿಂತುಕೊಂಡೇ ಸಂಖ್ಯಾಶಾಸ್ತ್ರ ಓದುವುದನ್ನೂ ಕಲಿತೆ.

ಕೊನೆಯ ವರ್ಷದಲ್ಲಿ ಕೋಲ್ಕತ್ತಾದ ಸಂಸ್ಥೆಯೊಂದರಲ್ಲಿ ಎಂ.ಎಸ್ಸಿ.ಗೆ ಪ್ರವೇಶ ಸಿಕ್ಕಿತು. ಅಂತಿಮ ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಬರದಿದ್ದರೆ ಅದು ರದ್ದಾಗುತ್ತದೆ ಎಂಬ ಷರತ್ತು ಪತ್ರದಲ್ಲಿತ್ತು. ನೌಪಾಡಾದ ಹೋಟೆಲೊಂದರಲ್ಲಿ ಮ್ಯಾನೇಜರಾಗಿರುವ ಮಾವನಿಗೆ ಅದನ್ನೂ ಓದಿ ಹೇಳಿದ್ದೆ. ಅವರು ಪತ್ರದ ಅಭಿನಂದನೆಯ ಸಾಲಷ್ಟನ್ನೇ ಊರಿಗೆಲ್ಲ ಸಾರಿದರು. ನಮ್ಮವರ ಸಂಘದಲ್ಲಿ ಶಾಲು ಹೊದಿಸಿ ಸನ್ಮಾನವೂ ಆಯಿತು.

ಆಮೇಲೆ ರೈಲಿನಲ್ಲಿ ಪುಸ್ತಕ ತೆರೆದರೂ ಕಣ್ಣು ಕಳವಾ ಸ್ಟೇಷನ್ ದಾಟಿದ ಮೇಲೆ ಸಿಗುವ ಖಾಡಿಯ, ಸಮುದ್ರದ ಹಿನ್ನೀರಿನ, ಕಪ್ಪು ಮೈಮೇಲೆಯೇ ಇರುತ್ತಿತ್ತು. ಆಲಸ್ಯವೋ, ಇಲ್ಲಿಂದ ಆಗಲೇ ಹೊರಟುಬಿಟ್ಟಿದ್ದೆನೋ, ತಿಳಿಯದು. ಐದನೆಯ ಸೆಮಿಸ್ಟರಿನಲ್ಲಿ ಅಂಕ ಜಾರಿತು. ಮುಂದಿನ ಟೆಸ್ಟಿನಲ್ಲಿ ಇನ್ನಷ್ಟು. ಮೇಡಂ ಉತ್ತರಪತ್ರಿಕೆ ಕೊಡುತ್ತಾ, "ಅಡ್ಮಿಷನ್ ಮಿಳಾಲಂ ಮ್ಹಣಜೆ ಸಂಪಲಂ ನಾಹೀ" ಎಂದರು. ಸಿಕ್ಕಿತೆಂದರೆ ಮುಗಿಯಿತು ಎಂದಲ್ಲ.

ಮಾವನಿಗೆ ಹೇಳಿದೆ. "ಸಿಕ್ಕಿ ಆಯ್ತಲ್ಲ ಮಾರಾಯ್ತಿ, ಇನ್ನೆಂತ ಹೆದರಿಕೆ? ಶಾಲು ವಾಪಸ್ ಕೇಳ್ತಾರಾ?" ಎಂದು ನಕ್ಕರು. ನಾನೂ ನಕ್ಕಿರಬೇಕು.

ಅದಾದ ಮೇಲೆಯೇ ಮುಲ್ಕಿಯಿಂದ ಬಸ್ಸಿನಲ್ಲಿ ಒಂದು ಬ್ಯಾಗು ಬಂತು. ಅತ್ತೆಯ ತಂಗಿಯ ಮಗಳು ರಕ್ಷಿತಾಳದು. ಅವಳಿಗೆ ಇಲ್ಲೇ ಹತ್ತಿರದ ಖಾರಘರದಲ್ಲಿ ಕೆಲಸ ಸಿಕ್ಕಿದೆ, ನಾನು ಹೊರಟ ಮೇಲೆ ನನ್ನ ಮಂಚ ಅವಳಿಗೆ. ಅತ್ತೆ ಫೋನಿನಲ್ಲಿ ತಂಗಿಗೆ ಹೇಳುತ್ತಿದ್ದರು: "ಇವಳು ಹೇಗೂ ಹೋಗ್ತಾಳಲ್ಲ, ಜಾಗಕ್ಕೆಂತ ತೊಂದರೆ?" ಬ್ಯಾಗು ನನ್ನ ಮಂಚದ ಕೆಳಗೆ, ನನ್ನ ಸೂಟ್‌ಕೇಸಿಗೆ ಒತ್ತಿಕೊಂಡು ಕೂತಿದೆ. ಮಲಗಿದರೆ ಒಳಗಿನ ಹಲಸಿನ ಹಪ್ಪಳದ ವಾಸನೆ ಬರುತ್ತದೆ. ನನ್ನ ಊರಿನದೇ ವಾಸನೆ. ಆದರೂ ನಿದ್ದೆ ಬರುವುದಿಲ್ಲ.

ಪರೀಕ್ಷೆ ಮುಗಿದಿದೆ. ಎರಡು ಪೇಪರು ಚೆನ್ನಾಗಿ ಆಗಲಿಲ್ಲ. ಫಲಿತಾಂಶ ಬರಬೇಕು. ಅಮ್ಮ ಫೋನಿನಲ್ಲಿ, "ನಮ್ಮ ಬೊಂಬಾಯಿಯವಳೇ, ಒಮ್ಮೆ ಬಂದು ಹೋಗು" ಎನ್ನುತ್ತಾಳೆ. ಬಂದು ಹೋಗು, ನೆಂಟರಿಗೆ ಹೇಳುವ ಹಾಗೆ. ಇಲ್ಲಿ ಕೆಳಗಿನ ಅಂಗಡಿಯವನಿಗೆ ನಾನು ಈಗಲೂ ಗಾಂವ್‌ವಾಲಿ, ಹಳ್ಳಿಯವಳು.

ನಿನ್ನೆ ಅತ್ತೆ ಕೋಣೆ ಗುಡಿಸುತ್ತಿದ್ದರು. ರಕ್ಷಿತಾಳ ಬ್ಯಾಗನ್ನು ಹೊರಗೆಳೆದು, ಗುಡಿಸಿ, ಮತ್ತೆ ಒಳಗೆ ತಳ್ಳಿದರು. ಆಗ ಕೇಳಿದೆ. ಅವರು ಪೊರಕೆ ಎತ್ತಿಕೊಂಡು ಮುಂದಿನ ಕೋಣೆಗೆ ಹೋದರು. ಕೇಳಿಸಲಿಲ್ಲವೋ ಏನೋ. ಗಟ್ಟಿಯಾಗಿಯೇ ಕೇಳಿದ್ದೆ ಎಂದು ನನ್ನ ನೆನಪು:

"ಅತ್ತೆ, ಮಾರ್ಕು ಸಾಲದೆ ಅಲ್ಲಿಯವರು ಬೇಡ ಅಂದ್ರೆ, ನಾನು ಇಲ್ಲೇ ಇರಬಹುದಾ?"